ಎಡಗಡೆಯ ಸೀಟು

ಮಗಳು ಹರಿತಾಳ ಕೆಲಸದ ವಿಷಯದಲ್ಲಿ ಯಾವ ಸುದ್ದಿ ಬಂದರೂ ಮಾಲಾ ಮೊದಲು ಗಂಡನ ಮುಖ ನೋಡುತ್ತಿದ್ದಳು. ಇದು ನಗುವ ಸುದ್ದಿಯೋ ಅಳುವ ಸುದ್ದಿಯೋ ಅವಳಿಗೆ ತಕ್ಷಣ ಹೊಳೆಯುತ್ತಿರಲಿಲ್ಲ. ಶಿಡ್ಲಘಟ್ಟದ ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳುವ ಮೋಹನ್‌ಬಾಬುಗೂ ಹೊಳೆಯುತ್ತಿರಲಿಲ್ಲ. ಆದರೆ ಮೇಷ್ಟರಲ್ಲವೇ, ಹೊಳೆದವರ ಹಾಗೆ ಕನ್ನಡಕ ಸರಿಮಾಡಿಕೊಂಡು ಸುಮ್ಮನಿರುತ್ತಿದ್ದರು.

ಅವರ ತಪ್ಪೂ ಇರಲಿಲ್ಲ. ಮಗಳು ಪೈಲಟ್ ಲೈಸೆನ್ಸ್ ತಂದಾಗ ತಮ್ಮೂರು ಜಂಗಮಕೋಟೆಯಲ್ಲಿ ಮನೆಮನೆಗೂ ಸಿಹಿ ಹಂಚಿದ್ದರು. ಆಮೇಲೆ ಎರಡು ವರ್ಷ ಅವಳು ಕೆಲಸವಿಲ್ಲದೆ ಅಪ್ಪನ ತೋಟದಲ್ಲಿ ರೇಷ್ಮೆ ಹುಳುವಿಗೆ ಸೊಪ್ಪು ಕೊಯ್ದಳು. ಒಂದು ಚಿಕ್ಕ ಕಂಪನಿ ಕರೆಯಿತು, ಮತ್ತೆ ಸಿಹಿ. ಆ ಕಂಪನಿ ಒಂದು ಬುಧವಾರ ಬೆಳಿಗ್ಗೆ ಸದ್ಯಕ್ಕೆ ಹಾರಾಟ ನಿಲ್ಲಿಸಿದ್ದೇವೆ ಎಂದು ಹೇಳಿದ್ದು, ಮತ್ತೆ ಹಾರಲೇ ಇಲ್ಲ. ಮುಚ್ಚಿತಾ ಅಂದರೆ ಮುಚ್ಚಿಲ್ಲ ಅನ್ನುತ್ತಿದ್ದರು, ನಡೀತಿದೆಯಾ ಅಂದರೆ ಅದೂ ಇಲ್ಲ. ಅಷ್ಟು ಹೊತ್ತಿಗೆ ಮಾಲಾ ಸಿಹಿ ಮಾಡುವುದನ್ನೇ ಬಿಟ್ಟಿದ್ದಳು. ಎರಡನೇ ಕಂಪನಿ ಸೇರಿದಾಗ ದೇವರ ಮುಂದೆ ಒಂದು ತುಪ್ಪದ ದೀಪ ಹಚ್ಚಿ, ಬಾಯಿ ಬಿಡಲಿಲ್ಲ.

ಈ ಎರಡನೇ ಕಂಪನಿಗೆ ಐದು ವಿಮಾನ. ರೆಕ್ಕೆಯ ಮೇಲೆ ಫ್ಯಾನು ತಿರುಗುವ ಚಿಕ್ಕ ವಿಮಾನಗಳು. ಹುಬ್ಬಳ್ಳಿ, ಕಲಬುರಗಿ, ಕಡಪ ಅಂತ ಬಸ್ಸಿನ ಹಾಗೆ ಓಡಾಡುತ್ತಿದ್ದವು. ದೇವನಹಳ್ಳಿಯಿಂದ ಎದ್ದವು ಕೆಲವೊಮ್ಮೆ ಅವರ ದ್ರಾಕ್ಷಿ ಚಪ್ಪರದ ಮೇಲೆಯೇ ಹೋಗುತ್ತಿದ್ದವು. ಹರಿತಾ ಬಲಗಡೆ ಸೀಟಿನಲ್ಲಿ ಕೂರುತ್ತಿದ್ದಳು. ಬಲಗಡೆ ಕೂತವರು ಕೋ-ಪೈಲಟ್, ಎಡಗಡೆ ಕೂತವರು ಕ್ಯಾಪ್ಟನ್.

"ಮಧ್ಯ ಒಂದು ಮೊಳ ಜಾಗ ಅಮ್ಮ, ಅಷ್ಟೇ. ದಾಟೋಕೆ ಮಾತ್ರ ತಲೆ ಕೂದಲು ಬೆಳ್ಳಗಾಗುತ್ತೆ" ಅನ್ನುತ್ತಿದ್ದಳು.

ಕೂದಲು ಬೆಳ್ಳಗಾಗುವ ಮೊದಲೇ ಸರದಿ ಬಂತು. ದಸರಾ ಮುಗಿದ ಕೂಡಲೇ ಕ್ಯಾಪ್ಟನ್ ತರಬೇತಿ ಶುರು ಎಂದರು. ಆ ಸುದ್ದಿ ಬಂದಾಗ ಮಾತ್ರ ಮಾಲಾ ಗಂಡನ ಮುಖ ನೋಡಲಿಲ್ಲ. ನೇರವಾಗಿ ಹೋಗಿ ರವೆ ಹುರಿದಳು.

ಅದೇ ಶ್ರಾವಣದಲ್ಲಿ ದೊಡ್ಡ ಮಗಳು ಲಾವಣ್ಯಳ ಮಗುವಿಗೆ ನಾಮಕರಣ. ಚಿಂತಾಮಣಿಗೆ ಕೊಟ್ಟಿದ್ದ ಮಗಳು ಬಾಣಂತನಕ್ಕೆ ತವರಿಗೆ ಬಂದಿದ್ದಳು. ಹರಿತಾ ಒಂದು ದಿನ ರಜೆ ಹಾಕಿ ಬಂದು, ಅಕ್ಕನ ಮಗುವನ್ನು ಎತ್ತಿಕೊಂಡು ಊರೆಲ್ಲ ಮಾತಾಡಿ, ಗಂಟಲು ಕಟ್ಟಿಸಿಕೊಂಡು, ಮಾರನೆಯ ಬೆಳಿಗ್ಗೆ ತಿಂಡಿ ತಿಂದು ಡ್ಯೂಟಿಗೆ ಹೋದಳು. ಮಧ್ಯಾಹ್ನದ ಅಡುಗೆ ಇಳಿಸುವ ಮೊದಲೇ ಟ್ಯಾಕ್ಸಿಯಲ್ಲಿ ವಾಪಸ್ ಬಂದು ಬಾಗಿಲಲ್ಲಿ ನಿಂತಿದ್ದಳು. ಬಿಳಿ ಶರ್ಟಿನ ಇಸ್ತ್ರಿ ಕೂಡ ಕೆಟ್ಟಿರಲಿಲ್ಲ.

"ಇಷ್ಟು ಬೇಗ ಬಂದ್ಯಲ್ಲೇ! ವಿಮಾನ ಕ್ಯಾನ್ಸಲ್ಲಾ?"

"ವಿಮಾನ ಹೋಯ್ತಮ್ಮ. ನಾನೇ ಕ್ಯಾನ್ಸಲ್."

ಕೈಕಾಲು ತೊಳೆಯದೆ ಹಾಲಿನಲ್ಲಿ ಕೂತು ಹೇಳಿದಳು. ವಿಮಾನ ಹತ್ತುವ ಮೊದಲು ಪೈಲಟ್‌ಗಳು ಒಂದು ಯಂತ್ರಕ್ಕೆ ಉಸಿರು ಊದಬೇಕು. ಕುಡಿದಿದ್ದರೆ ಗೊತ್ತಾಗುತ್ತದೆ. ಸೊನ್ನೆಯೇ ಬರಬೇಕು, ಕೂದಲೆಳೆಯಷ್ಟೂ ಹೆಚ್ಚಾಗಬಾರದು. ಅವಳು ಊದಿದಾಗ ಸೊನ್ನೆ ಬರಲಿಲ್ಲ. ಸ್ವಲ್ಪ ಹೊತ್ತು ಕೂರಿಸಿ, ಬಾಯಿ ಮುಕ್ಕಳಿಸಲು ಹೇಳಿ ಮತ್ತೆ ಊದಿಸಿದರು. ಆಗಲೂ ಬರಲಿಲ್ಲ. ಮೊದಲನೇ ಸಲ ಆದ್ದರಿಂದ ಮೂರು ತಿಂಗಳು ಲೈಸೆನ್ಸ್ ಅಮಾನತು. ದಸರಾ ಆದ ಮೇಲಿನ ತರಬೇತಿ ಇನ್ನು ಅವಳಿಗಿಲ್ಲ. ಆ ಸರದಿ ಗೌರಿಬಿದನೂರಿನ ಅಚ್ಯುತನಿಗೆ. ಅವಳಿಗಿಂತ ಒಂದು ವರ್ಷ ತಡವಾಗಿ ಸೇರಿದ ಹುಡುಗ. ಬಂದ ಹೊಸದರಲ್ಲಿ ಅವನಿಗೆ ಕಾಫಿ ಮಷೀನ್ ಎಲ್ಲಿದೆ ಅಂತ ತೋರಿಸಿದವಳು ಇವಳೇ.

ಮೋಹನ್‌ಬಾಬು ಕನ್ನಡಕ ತೆಗೆದು ಒರೆಸಿದರು. "ಅಂದ್ರೆ, ನೀನು..."

"ಇಲ್ಲಪ್ಪ."

"ನಾನು ಏನೂ ಕೇಳ್ಲಿಲ್ಲ ಕಣಮ್ಮ."

"ಕೇಳೋಕೆ ಹೊರಟಿದ್ರಲ್ಲ."

ಕೋಣೆಯೊಳಗಿಂದ ಅಜ್ಜಿ ರಾಮಲಕ್ಷ್ಮಮ್ಮ ಗೋಡೆ ಹಿಡಿದುಕೊಂಡು ಬಂದರು. ಮಂಚೇನಹಳ್ಳಿ ಕಡೆಯ ಹೆಣ್ಣು. ಸಿಟ್ಟು ಬಂದರೆ ಅರ್ಧ ಮಾತು ತೆಲುಗಿಗೆ ತಿರುಗುತ್ತಿತ್ತು. "ಏಮಿಟೀ? ನಮ್ಮನೆ ಹುಡುಗಿ ಕುಡೀತಾಳೆ ಅಂದ್ರಾ? ಆ ಯಂತ್ರಕ್ಕೆ ಪಿಚ್ಚಿ ಹಿಡಿದಿರ್ಬೇಕು. ನಮ್ಮ ಏಳು ತಲೆಮಾರಲ್ಲಿ ಒಬ್ಬರು ಹೆಂಡ ಮುಟ್ಟಿದವರಿಲ್ಲ."

ಮಾಲಾಗೂ ಹಾಗೇ ಅನ್ನಬೇಕೆನಿಸಿತು. ಬಾಯಿಗೆ ಬರಲಿಲ್ಲ. ಮಗಳು ಸುಳ್ಳು ಹೇಳುವವಳಲ್ಲ. ಯಂತ್ರಕ್ಕೂ ಮಗಳ ಮೇಲೆ ಹಳೇ ಜಗಳವಿಲ್ಲ. ಒಂದು ಸಲ ಅಲ್ಲ, ಎರಡು ಸಲ ಊದಿದ್ದಾಳೆ. ಇಬ್ಬರೂ ನಿಜ ಹೇಳುತ್ತಿದ್ದರೆ ಸುಳ್ಳು ಎಲ್ಲಿಂದ ಬಂತು?

ಆ ವಾರವೆಲ್ಲ ಅವಳ ತಲೆ ಮಜ್ಜಿಗೆ ಕಡೆದ ಹಾಗೆ ತಿರುಗಿತು. ಪಾತ್ರೆ ಉಜ್ಜುವಾಗ ಮಗಳ ಪರ ಇರುತ್ತಿದ್ದಳು, ಬಟ್ಟೆ ಹಿಂಡುವಾಗ ಯಂತ್ರದ ಪರ. ಹೋಟೆಲಲ್ಲಿ ಉಳಿಯುವ ಕೆಲಸ. ಯಾರೋ ಜೊತೆಯವರು ಬಲವಂತ ಮಾಡಿರಬಹುದು. ಆದರೆ ಹಿಂದಿನ ರಾತ್ರಿ ಅವಳು ಇಲ್ಲೇ ಮಲಗಿದ್ದಳಲ್ಲ, ಲಾವಣ್ಯಳ ಪಕ್ಕದಲ್ಲಿ? ಅಂದಮೇಲೆ ದಾರಿಯಲ್ಲಾ? ಬೆಳಿಗ್ಗೆ ದೇವನಹಳ್ಳಿ ದಾರಿಯಲ್ಲಿ ಯಾರಾದರೂ ಕುಡಿಯುತ್ತಾರಾ? ಥೂ, ನನ್ನ ಬುದ್ಧಿಯೇ ಎಂದು ತಾನೇ ಬೈದುಕೊಂಡು, ಮತ್ತೆ ಅಲ್ಲಿಗೇ ಬರುತ್ತಿದ್ದಳು.

ಒಂದು ದಿನ ಒಗೆಯಲು ಹಾಕಿದ್ದ ಯೂನಿಫಾರ್ಮ್ ಶರ್ಟನ್ನು ಎತ್ತಿ ಮೂಗಿಗೆ ಹಿಡಿದಳು. ಬೆವರು, ಸೋಪು, ಇನ್ನೇನೂ ಇಲ್ಲ. ತಿರುಗಿದರೆ ಹರಿತಾ ಬಚ್ಚಲ ಬಾಗಿಲಲ್ಲಿ ನಿಂತಿದ್ದಳು.

"ಏನ್ ಸಿಕ್ತಮ್ಮ?"

"ಕರೆ ಆಗಿದೆ ಕಣೇ, ಕಾಲರ್ ಹತ್ರ."

"ಕರೆ ಕಣ್ಣಿಗೆ ಕಾಣುತ್ತಲ್ವಾ? ಮೂಗಿಗೆ ಯಾಕೆ?"

ಮಾಲಾಗೆ ನೆಲ ಬಾಯಿಬಿಟ್ಟರೆ ಸಾಕೆನಿಸಿತು. ಹರಿತಾ ಶರ್ಟು ಕಿತ್ತುಕೊಂಡು ತಾನೇ ಒಗೆದು ಹಾಕಿದಳು. ಎರಡು ದಿನ ಅಮ್ಮನ ಜೊತೆ ಎಷ್ಟು ಬೇಕೋ ಅಷ್ಟೇ ಮಾತು.

ಊರಿನವರಿಗೆ ರಜೆ ಎಂದು ಹೇಳಿದ್ದರು. ರಜೆ ಉದ್ದವಾಗುತ್ತಿದ್ದ ಹಾಗೆ ಊರು ತನ್ನ ಲೆಕ್ಕ ಹಾಕಿತು. ಪಕ್ಕದ ಮನೆ ಗೋದಮ್ಮ ಹಾಲು ಒಯ್ಯುವ ನೆಪದಲ್ಲಿ ಬಂದು, "ಏನ್ ಮಾಲಾ, ಹುಡುಗಿಗೆ ಗಂಡು ಗೊತ್ತಾಯ್ತಂತೆ? ನಮ್ಗೂ ಹೇಳ್ಬಾರ್ದಾ?" ಎಂದಳು. ಮಾಲಾ ಹೌದು ಎನ್ನಲಿಲ್ಲ, ಇಲ್ಲ ಎನ್ನಲೂ ಇಲ್ಲ. ಅಳಿಯನನ್ನು ಹುಡುಕಿಕೊಂಡವಳ ಹಾಗೆ ಒಂದು ನಗೆ ನಕ್ಕು ಹಾಲಿನ ಪಾತ್ರೆ ತುಂಬಿಸಿ ಕೊಟ್ಟಳು.

ಅಜ್ಜಿ ತಮಗೆ ತಿಳಿದ ಸಮಾಧಾನ ಹೇಳಿದರು. "ರೇಷ್ಮೆ ಹುಳು ಪೊರೆ ಬಿಡೋಕೆ ಮುಂಚೆ ಜ್ವರಕ್ಕೆ ಕೂತ ಹಾಗೆ ಅನ್ಕೊಳ್ಳೇ. ತಲೆ ಎತ್ಕೊಂಡು ಅಲ್ಲಾಡದೆ ಕೂರುತ್ತೆ, ಸೊಪ್ಪು ಮುಟ್ಟಲ್ಲ. ಜ್ವರ ಎದ್ಮೇಲೆ ನೋಡು, ಹೆಂಗ್ ಮೇಯುತ್ತೆ!" ಮಾಲಾ ಹೂಂ ಎಂದಳು. ಆದರೆ ಹುಳು ಇವತ್ತು ಕೂತರೆ ಯಾವಾಗ ಏಳುತ್ತದೆ ಅಂತ ಊರಲ್ಲಿ ಎಲ್ಲರಿಗೂ ಗೊತ್ತು. ಯಾಕೆ ಕೂತಿತು ಅಂತ ಯಾರೂ ಅದರ ಅಂಗಿ ಮೂಸುವುದಿಲ್ಲ.

ಒಂದು ಬೆಳಿಗ್ಗೆ ಪಕ್ಕದ ವಿಜಯಪುರದಿಂದ ಹರಿತಾ ತರಿಸಿದ್ದ ಕೊರಿಯರ್ ಬಂತು. ಅಂಗೈಯಗಲದ ಕಪ್ಪು ಯಂತ್ರ, ತುದಿಯಲ್ಲಿ ಬಿಳಿ ಕೊಳವೆ.

"ಅಲ್ಲಿ ಊದಿದ್ದು ಇಂಥದ್ದೇ. ಇದು ಅಗ್ಗದ್ದು, ಅಷ್ಟು ಸರಿಯಾಗಿ ತೋರಿಸಲ್ಲ. ಇರ್ಲಿ" ಎಂದಳು ಹರಿತಾ. "ಅವತ್ತು ನನ್ನ ಹೊಟ್ಟೆಗೆ ಏನು ಹೋಗಿತ್ತು ಅಂತ ಹುಡುಕ್ಬೇಕು."

"ನಮ್ಮನೇಲಿ ತಿಂಡಿ ತಾನೇ ತಿಂದಿದ್ದು?"

"ಅದಕ್ಕೇ."

ಮಾಲಾ ಸೌಟು ಕೆಳಗಿಟ್ಟಳು. "ನನ್ನ ಅಡುಗೆಮನೇಲಿ ಸಾರಾಯಿ ಹುಡುಕ್ತೀಯೇನೇ?"

"ನೀನು ನನ್ನ ಶರ್ಟಲ್ಲಿ ಹುಡುಕ್ಲಿಲ್ವಾ?"

ಮಾಲಾ ಸೌಟು ಮತ್ತೆ ಎತ್ತಿಕೊಂಡಳು. ಅಂದಿನಿಂದ ಆ ಮನೆಯಲ್ಲಿ ಹೊಸ ಪದ್ಧತಿ ಶುರುವಾಯಿತು. ಹರಿತಾ ಏನು ತಿಂದರೂ ಊದುವಳು. ಹುಳಿ ಬಂದ ದೋಸೆ ಹಿಟ್ಟಿನ ದೋಸೆ ತಿಂದು ಊದಿದಳು, ಸೊನ್ನೆ. ರಾತ್ರಿ ನೆನೆಸಿಟ್ಟ ರಾಗಿ ಅಂಬಲಿ ಕುಡಿದು ಊದಿದರೆ ಏನೋ ಒಂದು ಅಂಕಿ ಮಿಣುಕಿತು. ಕಾಲುಗಂಟೆ ಬಿಟ್ಟು ಊದಿದರೆ ಮಾಯ. ಮಾರನೆಯ ದಿನ ಅದೇ ಅಂಬಲಿಗೆ ಮೊದಲೇ ಸೊನ್ನೆ. ಕಪ್ಪಾದ ಬಾಳೆಹಣ್ಣು, ಉಪ್ಪಿನಕಾಯಿ, ಹಲ್ಲುಜ್ಜುವ ಪೇಸ್ಟು, ಲಾವಣ್ಯಳ ಕೆಮ್ಮಿನ ಔಷಧಿ. ಮಗು ಮುಟ್ಟುವ ಮೊದಲು ಕೈಗೆ ಹಚ್ಚಿಕೊಳ್ಳುವ ಸ್ಯಾನಿಟೈಸರ್ ಹಚ್ಚಿ ಊದಿದರೆ ಯಂತ್ರ ಕಿರ್ರೆಂದಿತು. ಆದರೆ ಅವತ್ತು ಹಚ್ಚಿದ್ದಳೋ ಇಲ್ಲವೋ ಯಾರಿಗೂ ನೆನಪಿಲ್ಲ.

ಮೋಹನ್‌ಬಾಬು ಕೂಡ ಹುರುಪಿನಿಂದ ಸೇರಿಕೊಂಡರು. ಶಾಲೆಯಿಂದ ಬಂದವರೇ, "ಇವತ್ತು ಹಲಸಿನ ಹಣ್ಣು ತಂದಿದೀನಿ, ಊದಣ" ಎನ್ನುವರು. ಮಾಲಾಗೆ ನಗಬೇಕೋ ಕೋಪಿಸಿಕೊಳ್ಳಬೇಕೋ ತಿಳಿಯದು. ಇಪ್ಪತ್ತೇಳು ವರ್ಷ ಮಾಡಿ ಬಡಿಸಿದ ಅಡುಗೆ ಒಂದೊಂದಾಗಿ ಸಾಕ್ಷಿ ಕಟಕಟೆ ಹತ್ತಿ ಇಳಿಯುತ್ತಿತ್ತು. ಒಂದೊಂದು ಸೊನ್ನೆ ಬಂದಾಗಲೂ ಅವಳ ಎದೆ ಹಗುರಾಗುವುದು, ಮಗಳ ಮುಖ ಮಾತ್ರ ಸಪ್ಪಗಾಗುವುದು. ಅಡುಗೆ ನಿರ್ದೋಷಿಯಾದಷ್ಟೂ ಹುಡುಗಿ ದೋಷಿಯಾಗುತ್ತಿದ್ದಳು. ಯಾವುದನ್ನು ಬಯಸಬೇಕು ಎನ್ನುವುದೇ ಮಾಲಾಗೆ ಗೊಂದಲವಾಗಿಹೋಯಿತು.

ಒಂದು ಭಾನುವಾರ ಎಲ್ಲರೂ ಜಗುಲಿಯಲ್ಲಿ ಕೂತಿದ್ದರು. ಲಾವಣ್ಯ ಮಗುವಿಗೆ ಎಣ್ಣೆ ಹಚ್ಚುತ್ತಿದ್ದಳು. ಹರಿತಾ ಸೀಬೆಹಣ್ಣು ತಿಂದು ಊದಿ, ಸೊನ್ನೆ ನೋಡಿ, ಯಂತ್ರವನ್ನು ಪಕ್ಕಕ್ಕೆ ಎಸೆದಳು.

"ಸಾಕು ಬಿಡಮ್ಮ. ನಾನೇ ಕುಡಿದಿರ್ಬೇಕು, ನಿದ್ದೆಗಣ್ಣಲ್ಲಿ."

"ಕೊಡಿಲ್ಲಿ, ನಾನೂ ನೋಡ್ತೀನಿ ಅದರ ಮಹಿಮೆ" ಎಂದು ಅಜ್ಜಿ ಯಂತ್ರ ಎತ್ತಿಕೊಂಡರು. "ಎಲ್ಲಿ ಊದೋದು, ಈ ಪೀಪಿಲಾ?"

"ಅಜ್ಜಿ, ಉಸಿರು ಎಳ್ಕೊಂಡು ಜೋರಾಗಿ. ಹಾರ್ಮೋನಿಯಂ ಅಲ್ಲ ಅದು, ಒತ್ತಬೇಡಿ."

ರಾಮಲಕ್ಷ್ಮಮ್ಮ ಕೆನ್ನೆ ಉಬ್ಬಿಸಿ ಊದಿದರು. ಯಂತ್ರ ಕಿರ್ರೋ ಎಂದು ಅರಚಿಕೊಂಡು ಕೆಂಪು ದೀಪ ಹೊತ್ತಿಸಿತು. ಅಷ್ಟು ದೊಡ್ಡ ಅಂಕಿಯನ್ನು ಅದು ಆ ಮನೆಗೆ ಬಂದ ಮೇಲೆ ತೋರಿಸಿರಲಿಲ್ಲ.

ಎಲ್ಲರೂ ಬಗ್ಗಿ ಅಂಕಿ ನೋಡಿದರು. ಆಮೇಲೆ ಲಾವಣ್ಯ ನಗಲು ಶುರುಮಾಡಿದಳು. ಮಗು ಬೆಚ್ಚಿ ಅತ್ತಿತು.

"ಅಜ್ಜೀ, ಏಳು ತಲೆಮಾರು!"

"ಏಮಿ ಏಡು ತಲೆಮಾರು? ನಾನೇನು ಕುಡ್ದಿದೀನಿ? ಮಂಡಿ ನೋವಿಗೆ ಒಂದು ಒಳಲೆ ಅರಿಷ್ಟ ಕುಡ್ದೆ, ಈಗ ತಾನೇ. ದಿನಾ ಕುಡೀತೀನಿ. ಔಷಧಿ ಕಣ್ರೇ ಅದು!"

ನಗು ನಿಂತಿತು. ಹರಿತಾ ನಿಧಾನವಾಗಿ ತಿರುಗಿ ಅಜ್ಜಿಯನ್ನು ನೋಡಿದಳು. "ಬಾಣಂತಿ ಅರಿಷ್ಟಾನಾ? ಅದನ್ನ ನಾನು ಅವತ್ತು ಮುಟ್ಟಲೇ ಇಲ್ಲ. ಅಮ್ಮ ಕೊಡೋಕೆ ಬಂದಾಗ ಬೇಡ ಅಂದಿದ್ದೆ. ಅಲ್ವಾಮ್ಮ?"

ಮಾಲಾ ಎದ್ದು ಒಳಗೆ ಹೋದಳು.

ಆ ಅರಿಷ್ಟ ಅತ್ತೆ ಕಲಿಸಿಕೊಟ್ಟದ್ದು. ತಮ್ಮದೇ ಚಪ್ಪರದ ಕಪ್ಪು ದ್ರಾಕ್ಷಿ, ಬೆಲ್ಲ, ಹಿಪ್ಪಲಿ, ಲವಂಗ, ಚಕ್ಕೆ. ಪಿಂಗಾಣಿ ಜಾಡಿಗೆ ಹಾಕಿ, ಬಾಯಿಗೆ ಬಟ್ಟೆ ಕಟ್ಟಿ, ಹುಲ್ಲಿನ ಮೆದೆಯಡಿ ಒಂದು ತಿಂಗಳು ಹೂತಿಟ್ಟು ಸೋಸುವುದು. ಸುತ್ತಮುತ್ತ ಯಾವ ಬಾಣಂತಿಯಿದ್ದರೂ ಮಾಲಾ ಹತ್ತಿರವೇ ಬರುವರು. ಅದು ಹುಳಿಯುತ್ತದೆ, ನೊರೆ ಬರುತ್ತದೆ, ಕುಡಿದರೆ ಹೊಟ್ಟೆಯೊಳಗೆ ಬೆಚ್ಚಗಾಗುತ್ತದೆ ಎನ್ನುವುದು ಅವಳಿಗೆ ಗೊತ್ತಿತ್ತು. ಬೆಚ್ಚಗಾಗುವುದು ಔಷಧಿಯ ಗುಣ ಎಂದೇ ತಿಳಿದಿದ್ದಳು. ಹೆಂಡ ಎಂದರೆ ಅಂಗಡಿಯಲ್ಲಿ ಬಾಟಲಿಯಲ್ಲಿ ಬರುವಂಥದು. ಜಾಡಿಯಲ್ಲಿ, ಮಡಿಯಲ್ಲಿ, ತುಳಸಿ ಕಟ್ಟೆ ಪಕ್ಕ ಸೋಸಿದ್ದು ಹೆಂಡ ಹೇಗಾದೀತು?

ಅವತ್ತು ಬೆಳಿಗ್ಗೆ ಮಗಳು ಗಂಟಲು ಕಟ್ಟಿ, ಕಣ್ಣು ಕೆಳಗೆ ಕಪ್ಪಾಗಿ ಕೂತಿದ್ದಳು. ಒಳಲೆಯಲ್ಲಿ ಅರಿಷ್ಟ ತಂದರೆ, "ಡ್ಯೂಟಿ ದಿನ ಯಾವ ಟಾನಿಕ್ಕೂ ಬೇಡಮ್ಮ" ಎಂದು ಕೈಯಾಡಿಸಿದಳು. ಸರಿ ಎಂದು ಮಾಲಾ ಶುಂಠಿ, ಮೆಣಸು ಕುಟ್ಟಿ ಬೆಲ್ಲದ ಕಷಾಯ ಮಾಡಿದಳು. ಆರಿಸಿ ಲೋಟಕ್ಕೆ ಬಗ್ಗಿಸುವಾಗ, ಅರ್ಧ ಕಷಾಯ, ಅರ್ಧ ಅರಿಷ್ಟ ಬೆರೆಸಿದಳು. ಮಕ್ಕಳಿಗೆ ಹುಳದ ಮಾತ್ರೆ ಬಾಳೆಹಣ್ಣಲ್ಲಿ ಇಟ್ಟು ತಿನ್ನಿಸಿದ ಕೈ ಅದು. ಔಷಧಿ ಬೇಡವೆಂದ ಮಗುವಿಗೆ ಬೆರೆಸಿ ಕೊಡುವುದು ಮೋಸ ಎಂದು ಆ ಕೈಗೆ ಎಂದೂ ಅನ್ನಿಸಿರಲಿಲ್ಲ. ಮತ್ತೆ ಆ ಸಂಗತಿ ಮನಸ್ಸಿನಿಂದ ಜಾರಿಹೋಗಿತ್ತು, ಉಪ್ಪು ಹಾಕಿದ್ದು ಯಾರು ನೆನಪಿಟ್ಟುಕೊಳ್ಳುತ್ತಾರೆ?

ಹರಿತಾ ಅಡುಗೆಮನೆಯ ಹೊಸಿಲಿಗೆ ಬಂದಳು. ಮಾಲಾ ಅವಳ ಮುಖ ನೋಡದೆ ಒಲೆ ಕಟ್ಟೆಗೆ ಹೇಳಿದಳು.

"ಕಷಾಯದಲ್ಲಿ ಹಾಕಿದ್ದೆ ಕಣೇ."

"ಏನನ್ನ?"

"ಅದನ್ನೇ. ಅರ್ಧ ಲೋಟ."

ಹೊರಗೆ ಮಗು ಅಳುವುದನ್ನು ನಿಲ್ಲಿಸಿತು. ಹರಿತಾ ಬಾಗಿಲಿಗೆ ಒರಗಿದಳು. "ಬೇಡ ಅಂದಿದ್ನಲ್ಲಮ್ಮ."

"ಅಂದಿದ್ದೆ."

"ಮತ್ತೆ ಹೇಳದೆ ಯಾಕೆ ಹಾಕ್ದೆ?"

"ಹೇಳಿದ್ರೆ ನೀನು ಕುಡೀತಿರ್ಲಿಲ್ಲ."

ಬಾಯಿಂದ ಬಂದ ಮೇಲೆ ಆ ಮಾತು ಎಷ್ಟು ಕೆಟ್ಟದಾಗಿ ಕೇಳಿಸಿತೆಂದರೆ ಮಾಲಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಹರಿತಾ ದ್ರಾಕ್ಷಿ ಚಪ್ಪರದ ಕಡೆ ಹೋದಳು. ಹೊಸಿಲಲ್ಲಿ ಲಾವಣ್ಯ ಮಗುವನ್ನು ಎದೆಗವಚಿಕೊಂಡು ನಿಂತಿದ್ದಳು. "ಅಮ್ಮಾ, ನಾನು ದಿನಾ ಕುಡೀತಿದೀನಲ್ಲ. ಹಾಗಾದ್ರೆ ಇವನಿಗೆ?"  ಮಾಲಾ ಜಾಡಿ ಎತ್ತಿ ಬಚ್ಚಲಿಗೆ ಸುರಿದಳು. ಅತ್ತೆ ಜಗುಲಿಯಿಂದಲೇ, "ಮಂಡಿ ನೋವು ನಿನಗೆ ಬರ್ಲಿ, ಆಗ ಗೊತ್ತಾಗುತ್ತೆ" ಎಂದು ಕೂಗಿದರು. 

ಸಂಜೆ ಅವಳು ಒಳ್ಳೆಯ ಸೀರೆ ಉಟ್ಟುಕೊಂಡು ಗಂಡನ ಮುಂದೆ ನಿಂತಳು. "ರೀ, ನಡೀರಿ, ಅವರ ಆಫೀಸಿಗೆ ಹೋಗಣ. ನಾನೇ ಹಾಕಿದ್ದು ಅಂತ ಹೇಳ್ತೀನಿ. ದೇವರ ಮೇಲೆ ಆಣೆ ಮಾಡ್ತೀನಿ."

ಮೋಹನ್‌ಬಾಬು ಚಪ್ಪಲಿ ಹುಡುಕಲು ಎದ್ದೇಬಿಟ್ಟರು. ಹರಿತಾ ತಡೆದಳು. ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. "ಬೇಡಪ್ಪ. ಅವರು ಯಾಕೆ ಅಂತ ಕೇಳಲ್ಲ. ಎಷ್ಟು ಅಂತ ಅಷ್ಟೇ ಕೇಳೋದು."

"ಅದೆಂಥ ನ್ಯಾಯನೇ?"

"ದಿನಾ ನೂರಾರು ಜನ ಹತ್ತೋ ವಿಮಾನ ಅಮ್ಮ. ಎಲ್ಲರ ಅಮ್ಮಂದಿರನ್ನೂ ಕರೆಸಿ ಕೇಳ್ತಾ ಕೂರಕ್ಕಾಗುತ್ತಾ?"

ಸರಿಯೆನಿಸಿತು. ತಪ್ಪು ಅಂತಲೂ ಎನಿಸಿತು. ಮಾಲಾ ಒಳ್ಳೆಯ ಸೀರೆಯಲ್ಲೇ ಹಸು ಹಿಂಡಲು ಹೋದಳು.

ಆಮೇಲಿನ ದಿನಗಳಲ್ಲಿ ಹರಿತಾ ತನಗೆ ಬೇಕಾದ್ದನ್ನು ತಾನೇ ಮಾಡಿಕೊಂಡು ತಿನ್ನುತ್ತಿದ್ದಳು. ಜಗಳವಿಲ್ಲ. ತೋಟಕ್ಕೆ ಹೋಗುವಳು, ಸೊಪ್ಪು ಹೊರುವಳು, ಅಕ್ಕನ ಮಗುವನ್ನು ಆಡಿಸುವಳು, ಅಮ್ಮನ ಜೊತೆ ಮಾತೂ ಆಡುವಳು. ಆದರೆ ಊಟದ ಹೊತ್ತಿಗೆ ಒಂದು ಮೊಟ್ಟೆ ಬೇಯಿಸಿಕೊಂಡು, ಎರಡು ಬಾಳೆಹಣ್ಣು ಸುಲಿದು ಮುಗಿಸುವಳು. ಸಿಪ್ಪೆ ಇರುವಂಥದ್ದನ್ನೇ ಆರಿಸಿಕೊಳ್ಳುತ್ತಿದ್ದಾಳೆ ಎನ್ನುವುದು ಮಾಲಾ ಕಣ್ಣಿಗೆ ಬಿತ್ತು. ಸಿಪ್ಪೆಯೊಳಗೆ ಯಾರೂ ಏನನ್ನೂ ಬೆರೆಸಲಾರರು. ಬಡಿಸಲು ಎತ್ತಿದ ಸೌಟನ್ನು ಮಾಲಾ ಹಾಗೆಯೇ ಪಾತ್ರೆಗೆ ಇಳಿಸುತ್ತಿದ್ದಳು. ಎಡಗಡೆಯ ಸೀಟು ನಾನೇ ಕಿತ್ತುಕೊಂಡೆ ಎಂಬ ಮಾತು ಒಳಗೆ ಕೂತು ಕದಲುತ್ತಿರಲಿಲ್ಲ.

ದಸರಾ ಹೋಯಿತು, ದೀಪಾವಳಿ ಹೋಯಿತು. ಅಚ್ಯುತ ತರಬೇತಿ ಶುರುಮಾಡಿದ ಸುದ್ದಿ ಬಂತು. ಅವರೆಕಾಯಿಯ ಸೊಗಡು ಸಂತೆಯಲ್ಲಿ ಎದ್ದ ಹೊತ್ತಿಗೆ, ಅಮಾನತು ಮುಗಿಯಲು ಇನ್ನೇನು ಒಂದು ವಾರ ಇದೆ ಎನ್ನುವಾಗ, ಅವನೇ ಫೋನ್ ಮಾಡಿದ. ಹರಿತಾ ಕೈ ತುಂಬ ಅವರೆಕಾಯಿ ಇದ್ದುದರಿಂದ ಸ್ಪೀಕರ್ ಹಾಕಿದಳು.

"ಹರಿತಾ, ಎಲ್ಲಿದೀಯಾ?"

"ಅವರೆಕಾಯಿ ಸುಲೀತಾ ಇದೀನಿ, ಕ್ಯಾಪ್ಟನ್."

"ಯಾವ ಕ್ಯಾಪ್ಟನ್ ಮಾರಾಯ್ತಿ? ಮೂರು ವಿಮಾನ ವಾಪಸ್ ಹೋಗ್ತಿವೆ. ಬಾಡಿಗೆಗೆ ಕೊಟ್ಟೋರು ಕಿತ್ಕೊಂಡ್ರು. ಉಳಿದಿದ್ದು ಎರಡೇ. ಅದಕ್ಕೆ ಇರೋ ಕ್ಯಾಪ್ಟನ್‌ಗಳೇ ಜಾಸ್ತಿ. ತರಬೇತಿ ಎಲ್ಲಾ ರದ್ದು. ನಾನು ಮತ್ತೆ ಬಲಗಡೆ. ಅದೂ ತಿಂಗಳಿಗೆ ಎಷ್ಟು ದಿನ ಅಂತ ಗೊತ್ತಿಲ್ಲ."

"ಅಂದ್ರೆ, ನಾನು ಇದ್ದಿದ್ರೂ..."

"ನೀನಿದ್ದಿದ್ರೂ ಇದೇ. ಒಂದು ತಿಂಗಳು ಎಡಗಡೆ ಕೂತು ಫೋಟೋ ತೆಗೆಸ್ಕೋತಿದ್ದೆ. ನಮ್ಮಮ್ಮ ಆ ಫೋಟೋ ಫ್ರೇಮ್ ಹಾಕ್ಸಿ ಗೋಡೆಗೆ ಹೊಡ್ದಿದಾರೆ. ಈಗ ಇಳಿಸು ಅನ್ನಕ್ಕೆ ನಂಗೆ ಧೈರ್ಯ ಇಲ್ಲ."

ಫೋನ್ ಇಟ್ಟ ಮೇಲೆ ತಾಯಿ ಮಗಳು ಅವರೆಕಾಯಿ ರಾಶಿಯ ಎರಡು ಬದಿಯಲ್ಲಿ ಕೂತೇ ಇದ್ದರು. ಮಾಲಾ ತಲೆಯಲ್ಲಿ ಇಷ್ಟು ದಿನ ಭದ್ರವಾಗಿ ನಿಂತಿದ್ದ ಒಂದೇ ಒಂದು ಗೂಟವೂ ಅಲ್ಲಾಡಿತು. ತಾನು ಕಿತ್ತುಕೊಂಡೆ ಎಂದುಕೊಂಡ ಸೀಟು ಅಲ್ಲಿ ಇರಲೇ ಇಲ್ಲ. ಹಾಗಾದರೆ ತನ್ನ ತಪ್ಪು ಇಲ್ಲವಾಯಿತಾ? ಅರ್ಧ ಲೋಟ ಬೆರೆಸಿದ್ದಂತೂ ಬೆರೆಸಿದ್ದೇ. ಆ ಹುಡುಗನ ಸೀಟು ಹೋಯಿತೆಂದು ತನ್ನ ಎದೆ ಯಾಕೆ ಹಗುರಾಗುತ್ತಿದೆ? ಅವನಿಗೂ ಒಬ್ಬ ತಾಯಿ ಇದ್ದಾಳಲ್ಲ, ಗೌರಿಬಿದನೂರಿನಲ್ಲಿ, ಗೋಡೆಗೆ ಫೋಟೋ ಹೊಡೆದುಕೊಂಡು?

"ಇದು ನಗೋ ಸುದ್ದಿಯೋ ಅಳೋ ಸುದ್ದಿಯೋ ಕಣೇ?" ಎಂದು ಮಗಳನ್ನೇ ಕೇಳಿದಳು.

ಹರಿತಾ ಒಂದು ಕಾಯಿ ಬಿಡಿಸಿ, ಒಳಗೆ ಹುಳ ಕಂಡು, ಆಚೆ ಎಸೆದಳು. "ಅಮ್ಮ, ಇನ್ನೊಂದು ಇದೆ. ಈಶಾನ್ಯದ ಕಡೆ ಒಂದು ಕಂಪನಿ ಕರೀತಿದೆ, ಅಮಾನತು ಗೊತ್ತಿದ್ದೂ. ಗುಡ್ಡಗಳ ಮಧ್ಯೆ ಚಿಕ್ಕ ಚಿಕ್ಕ ಊರಿಗೆ ಹಾರಿಸ್ಬೇಕು. ಒಂಬತ್ತೇ ಸೀಟಿನ ವಿಮಾನ, ನಮ್ಮ ಚಿಂತಾಮಣಿ ಟೆಂಪೋಗಿಂತ ಚಿಕ್ಕದು. ಸ್ವಲ್ಪ ದಿನ ಕಲಿಸಿ ಎಡಗಡೆ ಸೀಟೇ ಕೊಡ್ತಾರಂತೆ."

"ಅದು ಏರಿದ ಹಾಗೋ, ಇಳಿದ ಹಾಗೋ?"

"ಅದೇ ಗೊತ್ತಾಗ್ತಿಲ್ಲ. ಇಲ್ಲೇ ಇದ್ರೆ ದೊಡ್ಡ ವಿಮಾನ, ಬಲಗಡೆ ಸೀಟು, ನಾಳೆ ಇರುತ್ತೋ ಇಲ್ವೋ. ಅಲ್ಲಿ ಹೋದ್ರೆ ಕ್ಯಾಪ್ಟನ್, ಆದ್ರೆ ಟೆಂಪೋಗೆ. ಮತ್ತೆ ಈ ಕಡೆ ವಾಪಸ್ ಬರೋಕೆ ಆಗುತ್ತೋ ಇಲ್ವೋ. ನೀನು ಹೇಳು. ಹೋಗ್ಲಾ, ಇರ್ಲಾ?"

ಮಗಳು ಹುಟ್ಟಿದಾಗಿನಿಂದ ಮಾಲಾ ಇಂಥ ಪ್ರಶ್ನೆಗೆ ಉತ್ತರ ಇಟ್ಟುಕೊಂಡೇ ಇದ್ದವಳು. ತಲೆಗೆ ಎಣ್ಣೆ ಹಚ್ಚಿಕೋ, ಸ್ವೆಟರ್ ಹಾಕಿಕೋ, ತಿಂದು ಹೋಗು. ಈಗಲೂ ಬಾಯಿ ತೆರೆದಳು. ಹೋಗಬೇಡ ಎನ್ನಲು ಒಂದು ಕಡೆ ಎಳೆಯಿತು. ಹೋಗು ಎಂದರೆ ಸೀಟು ಕೊಡಿಸಿ ಋಣ ತೀರಿಸಿಕೊಂಡ ಹಾಗಾಗುತ್ತದಾ ಎಂದು ಇನ್ನೊಂದು ಕಡೆ ಎಳೆಯಿತು. ಯಾವ ಮಾತಿನೊಳಗೆ ತನ್ನ ಆಸೆಯನ್ನು ಬೆರೆಸಿಬಿಡುತ್ತೇನೋ ಎಂದು ಹೆದರಿದಳು.

"ನಂಗೆ ಗೊತ್ತಾಗ್ತಿಲ್ಲ ಕಣಮ್ಮ. ಸತ್ಯವಾಗ್ಲೂ ಗೊತ್ತಾಗ್ತಿಲ್ಲ."

ಹರಿತಾ ಕೈಯಲ್ಲಿದ್ದ ಕಾಯಿ ಕೆಳಗೆ ಹಾಕಿದಳು. "ಸರಿ ಬಿಡು. ನಂಗೂ ಗೊತ್ತಾಗ್ತಿಲ್ಲ" ಎಂದು ಸಿಪ್ಪೆ ಗು‌ಡಿಸಲು ಎದ್ದಳು.

ಮಾರನೆಯ ಮಧ್ಯಾಹ್ನ ಮಾಲಾ ಹಿತಕಿದ ಬೇಳೆ ಸಾರು ಮಾಡಿದಳು. ಮುದ್ದೆ ಕಟ್ಟಿ ಎಲ್ಲರಿಗೂ ತಟ್ಟೆ ಇಟ್ಟಳು. ಹರಿತಾ ಬಾಳೆಹಣ್ಣಿನ ಬುಟ್ಟಿಯ ಕಡೆ ಹೋದವಳು, ಏನೆನ್ನಿಸಿತೋ, ತಿರುಗಿ ಬಂದು ತಟ್ಟೆಯ ಮುಂದೆ ಕೂತಳು. ಮಾಲಾ ಕೈ ತಾನಾಗಿ ಸೌಟು ಎತ್ತಿತು. ಅಲ್ಲೇ ನಿಂತಿತು.

"ಹಾಕ್ಲಾ?"

ಹರಿತಾ ತಲೆಯೆತ್ತಿದಳು. ಈ ಮನೆಯಲ್ಲಿ ಯಾರೂ ಅವಳನ್ನು ಹಾಗೆ ಕೇಳಿರಲಿಲ್ಲ. "ಏನೇನಿದೆ ಅದರಲ್ಲಿ?"

ಮಾಲಾ ಸೌಟು ಹಿಡಿದುಕೊಂಡೇ, ಶಾಲೆಯ ಹುಡುಗಿ ಪಾಠ ಒಪ್ಪಿಸುವ ಹಾಗೆ ಹೇಳಿದಳು. "ಅವರೆಬೇಳೆ. ಈರುಳ್ಳಿ, ಬೆಳ್ಳುಳ್ಳಿ, ಶುಂಠಿ. ಧನಿಯಾ, ಒಣಮೆಣಸಿನಕಾಯಿ. ತೆಂಗಿನಕಾಯಿ. ಚಕ್ಕೆ, ಎರಡು ಲವಂಗ. ಟೊಮೇಟೊ. ಉಪ್ಪು, ಎಣ್ಣೆ, ಸಾಸಿವೆ. ಕರಿಬೇವು." ಒಂದು ಕ್ಷಣ ತಡೆದು ನೆನಪು ಮಾಡಿಕೊಂಡಳು. "ಒಂದು ಚಮಚ ಗಸಗಸೆ, ರುಬ್ಬಿ."

ಮುದ್ದೆ ಮುರಿಯಲು ಹೋದ ಹರಿತಾಳ ಕೈ ನಿಂತಿತು. "ಗಸಗಸೆನಾ?"

"ಯಾಕೆ? ಅದೂ ಬಾರದಾ?"

"ಉಸಿರಿಗೆ ಏನೂ ಆಗಲ್ಲ. ಆದ್ರೆ ಹೊಸದಾಗಿ ಸೇರೋವಾಗ ಮೂತ್ರ ಪರೀಕ್ಷೆ ಮಾಡ್ತಾರಮ್ಮ, ಅಮಲಿನ ಪದಾರ್ಥಕ್ಕೆ. ಗಸಗಸೆ ತಿಂದಿದ್ರೆ ಅದ್ರಲ್ಲಿ ಬಂದ್ರೂ ಬರಬಹುದು ಅಂತಾರೆ."

"ಹೊಸದಾಗಿ ಎಲ್ಲಿ ಸೇರೋವಾಗ?" ಎಂದರು ಮೋಹನ್‌ಬಾಬು, ಬಾಯಲ್ಲಿ ಮುದ್ದೆ ಇಟ್ಟುಕೊಂಡೇ.

 ಹರಿತಾ ತಾನು ಆಡಿದ ಮಾತು ತನಗೇ ಈಗ ಕೇಳಿಸಿದ ಹಾಗೆ ತಟ್ಟೆಯನ್ನು ನೋಡುತ್ತಿದ್ದಳು. ಅಜ್ಜಿ, "ಏಮಿಟಮ್ಮ, ಗಸಗಸೆನೂ ಹೆಂಡಾನಾ?" ಎಂದು ಕೇಳಿ, ತಮ್ಮ ಪಾಡಿಗೆ ಮುದ್ದೆಗೆ ಸಾರು ಸುರಿದುಕೊಂಡರು.

ಮಗಳು ಹೋಗಲು ಮನಸ್ಸು ಮಾಡಿದ್ದಾಳೆ ಎಂದು ಮಾಲಾಗೆ ಅರ್ಥವಾಯಿತು. ಗುಡ್ಡಗಳ ಮಧ್ಯದ ಊರುಗಳ ಹೆಸರೊಂದೂ ಅವಳಿಗೆ ಗೊತ್ತಿರಲಿಲ್ಲ. ಅಲ್ಲಿ ಅವರೆಕಾಯಿ ಸಿಗುತ್ತದೋ ಇಲ್ಲವೋ ಗೊತ್ತಿರಲಿಲ್ಲ. ಏರಿದ ಹಾಗೋ ಇಳಿದ ಹಾಗೋ, ಅದು ಮೊದಲೇ ಗೊತ್ತಿರಲಿಲ್ಲ. ಸಾರಿನ ಪಾತ್ರೆಯನ್ನು ಗಂಡನ ಕಡೆ ಸರಿಸಿ ಒಳಗೆ ಹೋಗಿ, ಬೆಳಿಗ್ಗೆ ಹೆಪ್ಪು ಗಟ್ಟಿದ್ದ ಮೊಸರಿನ ಕುಡಿಕೆ ತಂದು ಮಗಳ ಎದುರು ಕೂತಳು.

"ಮೊಸರು. ಉಪ್ಪು ನೀನೇ ಹಾಕ್ಕೋ."

"ಬರೀ ಮೊಸರಾ?"

"ನಮ್ಮ ಹಸುವಿನ ಹಾಲು, ನಿನ್ನೆ ಮೊಸರಿನ ಹೆಪ್ಪು. ಇನ್ನೇನೂ ಇಲ್ಲ ಕಣೇ."

ಹರಿತಾ ತಟ್ಟೆಯನ್ನು ಅಮ್ಮನ ಕಡೆ ಸರಿಸಿದಳು. "ನೀನೇ ಹಾಕು. ಜಾಸ್ತಿ ಹಾಕು."